ಸೆಕೆಂಡಿಗೆ ನೂರು ಬಾರಿ ಬರುವ ಅತಿಥಿಗೆ ಕಾಫಿ ಕೊಡುವ ಬಗ್ಗೆ

ನದಿ ಮಟ್ಟ ಅಳತೆ ಶಾಖೆ, ಅವಾಶ್ ಕೆಳ ಕಣಿವೆ
(ಮೊಹರು ನೆನೆದಿರುವ ಕಾರಣ ಇಲಾಖೆಯ ಹೆಸರು ಮೂಡಿರುವುದಿಲ್ಲ)

ಸುತ್ತೋಲೆ ಸಂಖ್ಯೆ: ನ.ಮ.ಅ./ಆಡಳಿತ/ಅತಿಥಿ/47-ಬಿ/2011
ದಿನಾಂಕ: ನೆಹಾಸೆ 27, 2011 (ಇಲ್ಲಿನ ಪಂಚಾಂಗದಂತೆ; ಹಮ್ಲೆ ಇದರ ಹಿಂದಿನ ತಿಂಗಳು)

ವಿಷಯ: ಅಳತೆ ಯಂತ್ರದ ಬಾಗಿಲಿಗೆ ಸೆಕೆಂಡಿಗೆ ನೂರು ಬಾರಿ ಬರುವ ಟೈಮರ್ ಅವರನ್ನು ಬರಮಾಡಿಕೊಳ್ಳುವ, ಕೂರಿಸುವ ಹಾಗೂ ಕೂರಿಸದೆ ಕಳಿಸುವ ಬಗ್ಗೆ.

ಉಲ್ಲೇಖ:
1. ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ವೈಜೆರಿತ್ (ಕುಮಾರಿ) ಮೆರಾಫ್ ದೆಸ್ತಾ ಅವರ ವರದಿ, ದಿ: ಹಮ್ಲೆ 15.
2. ಈ ಕಚೇರಿಯ ಸುತ್ತೋಲೆ ಸಂಖ್ಯೆ 47, ದಿ: ಹಮ್ಲೆ 22.
3. ಸದರಿ ಮೆರಾಫ್ ಅವರ ಆಕ್ಷೇಪಣೆ ಪತ್ರಗಳು, ಒಟ್ಟು ಒಂಬತ್ತು (ಎಂಟು ಸಕಾಲದಲ್ಲಿ ಒಡೆದಿರುವುದಿಲ್ಲ).
4. ಅವಾಶ್ ನದಿ, ದಿ: ನೆಹಾಸೆ 20, ಖುದ್ದು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಶಾಖೆಯ ಸಮಸ್ತ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ಉಲ್ಲೇಖ 2ರ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಏಕೆ ಹಿಂಪಡೆಯಲಾಯಿತು ಎಂಬ ಬಗ್ಗೆ ಕಾರಿಡಾರಿನಲ್ಲಿ ಬಾಯಿಗೆ ಬಂದಂತೆ ಮಾತಾಡಲಾಗುತ್ತಿದೆ. ಸದರಿ ಮಾತುಗಳಲ್ಲಿ ಮುಕ್ಕಾಲು ಪಾಲು ನಿಜವಾಗಿರುವುದರಿಂದ, ಉಳಿದ ಕಾಲು ಪಾಲನ್ನೂ ಸರಿಪಡಿಸುವ ಸಲುವಾಗಿ ನಡೆದದ್ದನ್ನು ಕ್ರಮವಾಗಿ ಕೆಳಗೆ ನಮೂದಿಸಲಾಗಿದೆ. ಕೆಳ ಸಹಿದಾರರ, ಅಂದರೆ ಈ ಶಾಖೆಯ ಆಡಳಿತ ಮುಖ್ಯಸ್ಥರಾದ ಅತೊ (ಶ್ರೀ) ಗೆಟಾಹುನ್ ಶಿಬೇಶಿ ಅವರ ಮಾನ ಉಳಿಸಿಕೊಳ್ಳುವ ಉದ್ದೇಶ ಇದರಲ್ಲಿಲ್ಲ. ಆ ಬಾಬ್ತಿನಲ್ಲಿ ದಾಸ್ತಾನು ಖಾಲಿಯಾಗಿದೆ.

ಭಾಗ ಒಂದು: ನಡೆದದ್ದು

1. ಮೆಲ್ಕಾ ಡಿಮ್ಟು ಊರಿನ ಬಳಿ ನದಿಯೊಳಗೆ ಒಂದು ಅಳತೆ ಕಡ್ಡಿಯನ್ನು ನೆಡಲಾಗಿದೆ. ನೀರು ಎಷ್ಟು ಏರಿದೆ ಎಂದು ಅದು ರೇಡಿಯೋ ಮೂಲಕ ಈ ಕಚೇರಿಯ ಅಳತೆ ಕೋಣೆಯಲ್ಲಿರುವ ಯಂತ್ರಕ್ಕೆ ತಿಳಿಸುತ್ತದೆ. ನೀರು ಕೆಂಪು ಗೆರೆ ದಾಟಿ ಪೂರ್ತಿ ಒಂದು ನಿಮಿಷ ಅಲ್ಲೇ ನಿಂತರೆ ಯಂತ್ರವು ಊರಿನ ಸೈರನ್ ಕೂಗಿಸತಕ್ಕದ್ದು. ಒಂದು ನಿಮಿಷ ಕಾಯುವುದು ಏಕೆಂದರೆ, ಹಿಂದೊಮ್ಮೆ ನೀರಾನೆಯೊಂದು ಕಡ್ಡಿಗೆ ಬೆನ್ನು ತುರಿಸಿಕೊಂಡಿದ್ದಕ್ಕೆ ಇಡೀ ಊರು ಗುಡ್ಡ ಹತ್ತಿ, ಇಳಿದು ಬಂದು, ಈ ಕಚೇರಿಯನ್ನು ಬೈದಿತ್ತು. ಸೈರನ್ ನಂಬಿಕೊಂಡು ಆ ದಂಡೆಯಲ್ಲಿ ಮಲಗುವವರ ಸಂಖ್ಯೆ ಇನ್ನೂರ ಹನ್ನೊಂದು. ಅವರಲ್ಲಿ ಒಬ್ಬರು ಕೆಳ ಸಹಿದಾರರ ಅಕ್ಕ. ಇದು ಸುತ್ತೋಲೆಗೆ ಸಂಬಂಧಿಸಿದ ವಿಷಯವಲ್ಲ.

2. ಯಂತ್ರಕ್ಕೆ ತಾನಾಗಿ ಹೊತ್ತು ತಿಳಿಯುವುದಿಲ್ಲ. ಅದರೊಳಗೆ ಟೈಮರ್ ಎಂಬುದೊಂದಿದ್ದು, ಸೆಕೆಂಡಿಗೆ ನೂರು ಬಾರಿ ಬಾಗಿಲು ತಟ್ಟುತ್ತದೆ. ತಟ್ಟಿದಾಗಲೆಲ್ಲ ಯಂತ್ರವು ಕೈಯಲ್ಲಿದ್ದ ಕೆಲಸ ಬಿಟ್ಟು, ನೀರಿನ ಅಳತೆ ಒಂದನ್ನು ತೆಗೆದುಕೊಂಡು ಪಕ್ಕದ ಬೆಂಚಿನ ಮೇಲಿಟ್ಟು, ಲೆಕ್ಕಕ್ಕೆ ಒಂದು ಸೇರಿಸಿ, ಬಿಟ್ಟ ಕೆಲಸಕ್ಕೆ ಮರಳುತ್ತದೆ. ನೂರು ತಟ್ಟು ಆದರೆ ಒಂದು ಸೆಕೆಂಡ್ ಆಯಿತೆಂದು ಅದು ತಿಳಿಯುತ್ತದೆ. ಯಂತ್ರಕ್ಕೆ ಬೇರೆ ಗಡಿಯಾರವಿಲ್ಲ. ಹೀಗೆ ತಟ್ಟುವುದನ್ನು ಆ ಕಸುಬಿನವರು ಇಂಟರಪ್ಟ್ ಎನ್ನುತ್ತಾರೆ. ಈ ಕಂಡಿಕೆಯಲ್ಲಿರುವುದೆಲ್ಲ ಕೆಳ ಸಹಿದಾರರಿಗೆ ನೆಹಾಸೆ 20ರಂದು ಅರ್ಥವಾಯಿತು. ಸುತ್ತೋಲೆ ಹೊರಡಿಸಿದ್ದು ಹಮ್ಲೆ 22ರಂದು.

3. ಆಡಳಿತ ವಿಭಾಗಕ್ಕೆ ಪರಭಾಷೆಯ ಪದಗಳಿಂದ ತೊಂದರೆಯಾಗಬಾರದೆಂಬ ಸದುದ್ದೇಶದಿಂದ ವೈಜೆರಿತ್ ಮೆರಾಫ್ ಅವರು ತಮ್ಮ ವರದಿಯಲ್ಲಿ ಇಂಟರಪ್ಟ್ ಎಂಬುದನ್ನು 'ಅತಿಥಿ' ಎಂದು ಬರೆದರು. ವರದಿಯ ಎರಡನೆಯ ಪುಟದಲ್ಲಿ ಹೀಗಿತ್ತು: 'ಸೆಕೆಂಡಿಗೆ ನೂರು ಅತಿಥಿಗಳು ಬರುತ್ತಾರೆ. ಪ್ರತಿಯೊಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ, ತಂದದ್ದನ್ನು ಇಸಿದುಕೊಂಡು, ತಕ್ಷಣ ಕಳಿಸಬೇಕು. ಒಳಗೆ ಕರೆಯಬಾರದು. ಮಾತಾಡಿಸಬಾರದು. ಒಬ್ಬರು ಇರುವಷ್ಟು ಹೊತ್ತು ಇನ್ನೊಬ್ಬರಿಗೆ ಬಾಗಿಲು ಹಾಕಿರಬೇಕು.'

4. ಕೆಳ ಸಹಿದಾರರು ಇದನ್ನು ಓದಿದ್ದು ಮೂರನೆಯ ಕಪ್ ಕಾಫಿ ಕುಡಿಯುವಾಗ. ಅದನ್ನು ಅರ್ಧಕ್ಕೇ ಕೆಳಗಿಟ್ಟರೆಂದು ಕಚೇರಿಯಲ್ಲಿ ಕಾಫಿ ಕಾಯಿಸುವ ಹಿರಿಯರಾದ ಎತಿಯೆ ಜೆನೆಬೆಚ್ ಅವರು ಹೇಳಿಕೆ ಕೊಟ್ಟಿದ್ದಾರೆ. ಕೆಳ ಸಹಿದಾರರು ಬೆಳೆದ ಮನೆಯಲ್ಲಿ ದಾರಿ ತಪ್ಪಿ ಬಂದ ಕತ್ತೆ ವ್ಯಾಪಾರಿಗೂ ಮೂರು ಕಪ್ ಕಾಫಿ ಆಗದೆ ಎದ್ದು ಹೋಗಲು ಬಿಡುತ್ತಿರಲಿಲ್ಲ. ತಾವು ಆಡಳಿತ ನಡೆಸುವ ಕಟ್ಟಡದಲ್ಲೇ ಗಂಟೆಗೆ ಮೂರು ಲಕ್ಷ ಅರುವತ್ತು ಸಾವಿರ ಅತಿಥಿಗಳನ್ನು ಬಾಗಿಲಿಂದ ಅಟ್ಟಲಾಗುತ್ತಿದೆ ಎಂದು ತಿಳಿದು ಅವರು ಕರೆಗಂಟೆ ಬಾರಿಸಿದರು. ಕೂಡಲೇ ಮೆರಾಫ್ ಅವರನ್ನು ಕರೆಸಲಾಯಿತು. ಆ ದಿನದ ನಡಾವಳಿಯಿಂದ ಯಥಾವತ್ತಾಗಿ ('ಗಾಶೆ' ಎಂಬುದು ಹಿರಿಯರನ್ನು ಕರೆಯುವ ಮರ್ಯಾದೆಯ ಮಾತು):

ಕೆಳ ಸಹಿದಾರರು: 'ಅಲ್ಲಮ್ಮಾ ಮೆರಾಫ್, ನಿಮ್ಮನೆಗೆ ಬಂದೋರಿಗೂ ಹಿಂಗೇ ಮಾಡ್ತೀರಾ?'

ಮೆರಾಫ್: 'ಗಾಶೆ, ಅದು ಮನುಷ್ಯ ಅಲ್ಲ. ಟೈಮರ್ರು.'

ಕೆಳ ಸಹಿದಾರರು: 'ಟೈಮರ್ ಅಂದ್ರೆ ಯಾವೂರಿನೋರು?'

ಮೆರಾಫ್: 'ಊರೆಂಥದು ಗಾಶೆ, ಯಂತ್ರದೊಳಗೇ ಇರೋದು.'

ಕೆಳ ಸಹಿದಾರರು: 'ಹಂಗಾದ್ರೆ ಮನೆಯೋರೇ ಆದ್ರಲ್ಲ. ಮನೆಯೋರನ್ನೇ ಬಾಗಿಲಿಂದಾಚೆ ಕಳಿಸ್ತೀರಾ?'

ಮೆರಾಫ್: (ಹಣೆ ಒತ್ತಿಕೊಂಡರು.)

ಹಣೆ ಒತ್ತಿಕೊಂಡಿದ್ದನ್ನು ತಪ್ಪೊಪ್ಪಿಗೆ ಎಂದು ಪರಿಗಣಿಸಲಾಯಿತು.

5. ಈಗ ರದ್ದಾಗಿರುವ ಸುತ್ತೋಲೆ 47ರ ಮುಖ್ಯ ಅಂಶಗಳನ್ನು ದಾಖಲೆಗಾಗಿ ಮಾತ್ರ ಇಲ್ಲಿ ಕೊಡಲಾಗಿದೆ. ಓದಿ ನಗುವವರು ಹೊರಗೆ ಹೋಗಿ ನಗತಕ್ಕದ್ದು.

(ಅ) ಬರುವ ಪ್ರತಿಯೊಬ್ಬ ಟೈಮರ್ ಅವರಿಗೂ ಅಬೋಲ್, ತೋನಾ, ಬರಕಾ ಎಂಬ ಮೂರು ಸುತ್ತು ಕಾಫಿಯ ಮರ್ಯಾದೆ ಸಲ್ಲತಕ್ಕದ್ದು. ಒಂದೊಂದು ಸುತ್ತಿಗೆ ಇಪ್ಪತ್ತು ನಿಮಿಷಕ್ಕೆ ಕಡಿಮೆ ಆಗಕೂಡದು. ಮೂರನೆಯ ಸುತ್ತಾದ ಬರಕಾ ಆಶೀರ್ವಾದವಾದ್ದರಿಂದ ಅದಕ್ಕೆ ಮುಂಚೆ ಯಾರನ್ನೂ ಎಬ್ಬಿಸಿದಲ್ಲಿ ಕಚೇರಿಗೆ ಕೇಡು ಬಯಸಿದಂತೆ ಭಾವಿಸಲಾಗುವುದು.

(ಆ) ಕುಶಲ ವಿಚಾರಿಸತಕ್ಕದ್ದು. ಮೈ, ಮನೆ, ಮಕ್ಕಳು, ದನಕರು, ಮಳೆ, ಬೆಳೆ, ಪುನಃ ಮೈ.

(ಇ) ಅಳತೆ ಕೋಣೆಯ ನೆಲಕ್ಕೆ ಹಸಿ ಹುಲ್ಲು ಹರಡಿ ಸಾಂಬ್ರಾಣಿ ಹಾಕತಕ್ಕದ್ದು. ಯಂತ್ರದ ಫ್ಯಾನು ಹೊಗೆ ಎಳೆದುಕೊಂಡರೆ ಅದೂ ಸತ್ಕಾರದಲ್ಲಿ ಪಾಲ್ಗೊಂಡಿದೆ ಎಂದು ತಿಳಿಯತಕ್ಕದ್ದು.

(ಈ) ಟೈಮರ್ ಅವರಿಗೆ ಉಪವಾಸವಿದೆಯೇ ಎಂದು ಮೊದಲೇ ಕೇಳತಕ್ಕದ್ದು. ಉಪವಾಸದಲ್ಲಿ ಹಾಲು ವರ್ಜ್ಯವಾದ್ದರಿಂದ, ಉತ್ತರ ಬಾರದಿದ್ದಲ್ಲಿ ಹಾಲು ಹಾಕಕೂಡದು.

(ಉ) ನೂರು ಬಾರಿಯೂ ಬರುತ್ತಿರುವುದು ಒಬ್ಬರೇ ಎಂದು ಕಂಡುಬಂದಲ್ಲಿ, ಅವರಿಗೆ ಮನೆಯಲ್ಲಿ ಏನು ತೊಂದರೆ ಎಂದು ನಯವಾಗಿ ವಿಚಾರಿಸತಕ್ಕದ್ದು.

(ಊ) ಸತ್ಕಾರಕ್ಕೆ ಭಂಗ ಬಾರದಂತೆ ಸಿಬ್ಬಂದಿಯು ತಮ್ಮ ಮೊಬೈಲುಗಳನ್ನು ಬಾಗಿಲ ಬಳಿ ಇಟ್ಟಿರುವ ಬುಟ್ಟಿಗೆ ಹಾಕತಕ್ಕದ್ದು.

(ಋ) ಗಂಟೆಗೆ ಬೇಕಾಗುವ ಹತ್ತು ಲಕ್ಷ ಎಂಬತ್ತು ಸಾವಿರ ಕಪ್ಪುಗಳನ್ನು ಉಗ್ರಾಣವು ಒದಗಿಸತಕ್ಕದ್ದು. (ಉಗ್ರಾಣದ ಷರಾ: 'ಹನ್ನೆರಡು ಇವೆ. ಎರಡು ಬಿರುಕು.')

6. ಮೆರಾಫ್ ಅವರು ಸುತ್ತೋಲೆ ಹೊರಟ ದಿನವೇ ಒಂದರ ಹಿಂದೊಂದರಂತೆ ಒಂಬತ್ತು ಆಕ್ಷೇಪಣೆ ಬರೆದರು. ಒಂದನ್ನು ಮಾತ್ರ ಒಡೆಯಲಾಯಿತು. ಅದರ ಲಕೋಟೆ ಗುಲಾಬಿ ಬಣ್ಣದ್ದಾಗಿದ್ದು, ಮದುವೆ ಕರೆಯೋಲೆ ಎಂದು ಭಾವಿಸಲಾಗಿತ್ತು. ಅದಾಗಲೇ ಅವರಿಗೆ ಕಾರಣ ಕೇಳಿ ನೋಟಿಸ್ ಕೊಟ್ಟು, ಆದೇಶ ಪಾಲಿಸದಿದ್ದಲ್ಲಿ ಕೆಲಸದಿಂದ ತೆಗೆಯಲಾಗುವುದೆಂದು ಎಚ್ಚರಿಸಲಾಗಿತ್ತು. ಕೊನೆಗೆ ಅವರು ಆದೇಶವನ್ನು ಅಕ್ಷರಶಃ ಪಾಲಿಸಿದರು. ಒಬ್ಬ ಅತಿಥಿಗೆ ಇಪ್ಪತ್ತಿಪ್ಪತ್ತು ನಿಮಿಷದ ಮೂರು ಕಾಯುವಿಕೆಗಳನ್ನೂ, ಕುಶಲದ ಏಳೂ ಪ್ರಶ್ನೆಗಳನ್ನೂ ಪ್ರೋಗ್ರಾಮಿನಲ್ಲಿ ಸೇರಿಸಿ, ಕಡತದ ಅಂಚಿನಲ್ಲಿ 'ಆದೇಶದಂತೆ ಬರೆದಿದ್ದೇನೆ. ನದಿಯನ್ನು ದೇವರು ನೋಡಿಕೊಳ್ಳಲಿ' ಎಂದು ಷರಾ ಹಾಕಿದರು. ಅವರ ದೈವಭಕ್ತಿಯನ್ನು ಕೆಳ ಸಹಿದಾರರು ಮೆಚ್ಚಿಕೊಂಡು ಕಡತ ಮುಚ್ಚಿದರು.

ನಂತರ ತಿಳಿದುಬಂದಂತೆ, ಅದೇ ಸಂಜೆ ಮೆರಾಫ್ ಅವರು ಮೆಲ್ಕಾ ಡಿಮ್ಟುವಿಗೆ ಹೋಗಿ, ಅಲ್ಲಿನ ನದಿ ಕಾವಲಿನ ಓಬ್ಬೊ (ಶ್ರೀ) ತೂಲು ಗೆಮೆಚು ಅವರಿಗೆ ತಮ್ಮ ಮೊಬೈಲ್ ನಂಬರು ಕೊಟ್ಟು, 'ಯಂತ್ರ ಈಗ ನೆಂಟರ ಉಪಚಾರದಲ್ಲಿದೆ ಗಾಶೆ. ಕೆಂಪು ಗೆರೆ ಮೇಲೆ ನೀವೇ ಒಂದು ಕಣ್ಣಿಟ್ಟಿರಿ. ನೀರು ಮುಟ್ಟಿದ ತಕ್ಷಣ ಫೋನ್ ಮಾಡಿ' ಎಂದು ಕೇಳಿಕೊಂಡಿದ್ದರು. ಇದಕ್ಕೆ ಪ್ರಯಾಣ ಭತ್ಯೆ ಕೋರಿರುವುದಿಲ್ಲ.

7. ಮುಂದಿನ ಇಪ್ಪತ್ತೆಂಟು ದಿನ ಅಳತೆ ಕೋಣೆಯಲ್ಲಿ ಅಪೂರ್ವವಾದ ನೆಮ್ಮದಿ ನೆಲೆಸಿತ್ತು. ಗಂಟೆಗೆ ಒಬ್ಬ ಅತಿಥಿ ಒಳಗೆ ಬಂದು, ಮೂರು ಕಪ್ ಮುಗಿಸಿ, ಒಂದು ಅಳತೆ ಕೊಟ್ಟು ಹೋದರು. ಬಾಗಿಲಲ್ಲಿ ಒಬ್ಬರು ನಿಲ್ಲಲು ಮಾತ್ರ ಜಾಗವಿದ್ದುದರಿಂದ ಆ ಗಂಟೆಯಲ್ಲಿ ಬಂದ ಉಳಿದವರು ಲೆಕ್ಕಕ್ಕೇ ಸಿಗದೆ ಹೋದರು. ಹೀಗೆ ಒಟ್ಟು ಆರುನೂರ ಎಪ್ಪತ್ತೆರಡು ಅತಿಥಿಗಳ ಸತ್ಕಾರವಾಯಿತು. ಯಂತ್ರವು ತಟ್ಟುಗಳನ್ನು ಎಣಿಸಿಯೇ ಹೊತ್ತು ತಿಳಿಯುವುದರಿಂದ, ಅದರ ಪ್ರಕಾರ ಇಪ್ಪತ್ತೆಂಟು ದಿನದಲ್ಲಿ ಕಳೆದ ಕಾಲ ಆರು ಮುಕ್ಕಾಲು ಸೆಕೆಂಡಿಗೂ ಕಡಿಮೆ. ಸರ್ಕಾರಿ ಕಚೇರಿಯೊಂದು ಇಪ್ಪತ್ತೆಂಟು ದಿನದಲ್ಲಿ ಆರು ಮುಕ್ಕಾಲು ಸೆಕೆಂಡಿನ ಕೆಲಸ ಮಾಡಿದ್ದು ಯಾರಿಗೂ ಅಸಹಜವೆನಿಸಲಿಲ್ಲ. ಮೇಲಿನ ಕಚೇರಿಯಿಂದ ಶ್ಲಾಘನಾ ಪತ್ರ ಬಂದಿತು.

8. ನೆಹಾಸೆ 20ರಂದು ಮೆರಾಫ್ ಅವರನ್ನು ಕೆಲಸದಿಂದ ತೆಗೆಯುವ ಬಗ್ಗೆ ಅಂತಿಮ ವಿಚಾರಣೆ ಇಡಲಾಗಿತ್ತು. ಆಪಾದನೆ: ಆದೇಶ ಪಾಲಿಸುವಾಗ ಮುಖದಲ್ಲಿ ನಗುವಿರಲಿಲ್ಲ. ಬೆಳಗಿನ ಮೂರು ಗಂಟೆಗೆ, ಅಂದರೆ ಸೂರ್ಯ ಹುಟ್ಟಿ ಮೂರು ಗಂಟೆಯಾದಾಗ, ಕೆಳ ಸಹಿದಾರರು ಮೇಜಿನ ಆಚೆಗೂ ಮೆರಾಫ್ ಅವರು ಈಚೆಗೂ ಕೂತಿದ್ದರು. ಮೂಲೆಯಲ್ಲಿ ಎತಿಯೆ ಜೆನೆಬೆಚ್ ಅವರು ಕಾಫಿ ಬೀಜ ಹುರಿಯುತ್ತಿದ್ದರು. ಮೊಬೈಲುಗಳೆಲ್ಲ ನಿಯಮದಂತೆ ಬುಟ್ಟಿಯಲ್ಲಿದ್ದವು. ಮೆರಾಫ್ ಅವರ ಮೊಬೈಲು ಹದಿನಾಲ್ಕು ಬಾರಿ ಹೊಡೆದುಕೊಂಡಿತು. ಕಾವಲುಗಾರರು ನಿಯಮದಂತೆ ಬುಟ್ಟಿಯ ಮೇಲೊಂದು ದಿಂಬು ಇಟ್ಟರು.

9. ಅದಾಗಿ ಮುಕ್ಕಾಲು ಗಂಟೆಗೆ ಓಬ್ಬೊ ತೂಲು ಅವರೇ ಮೂರು ಚಕ್ರದ ಬಜಾಜ್ ಹಿಡಿದು ಕಚೇರಿಗೆ ಬಂದರು. ಮಂಡಿಯವರೆಗೂ ಒದ್ದೆ. ಅವರನ್ನು ಕಾವಲುಗಾರರು ನಿಯಮದಂತೆ ಒಳಗೆ ಕರೆತಂದು ಕೂರಿಸಿದರು. ಇಲ್ಲಿಂದ ಮುಂದಿನದನ್ನು ನಡಾವಳಿ ಬರೆಯುತ್ತಿದ್ದ ಗುಮಾಸ್ತರು, ಬರೆಯಬಾರದೆಂದು ಯಾರೂ ಹೇಳದ ಕಾರಣ, ಬರೆದುಕೊಂಡಿದ್ದಾರೆ:

ತೂಲು: 'ಗಾಶೆ, ನೀರು ಬಂತು.'

ಕೆಳ ಸಹಿದಾರರು: 'ಬಂತಾ, ಒಳ್ಳೇದಾಯ್ತು. ಕೂತ್ಕೊಳ್ಳಿ ಓಬ್ಬೊ, ಮೊದಲು ಕಾಫಿ. ಮೈಯಲ್ಲಿ ಚೆನ್ನಾಗಿದೀರಾ?'

ತೂಲು: 'ಚೆನ್ನಾಗಿದೀನಿ, ದೇವರ ದಯೆ.'

ಕೆಳ ಸಹಿದಾರರು: 'ಮನೆ ಕಡೆ?'

ತೂಲು: 'ಚೆನ್ನಾಗಿದೆ, ದೇವರ ದಯೆ. ಒಳಗೆ ನೀರು ಬಂದಿದೆ.'

ಕೆಳ ಸಹಿದಾರರು: 'ಮಕ್ಕಳು?'

ತೂಲು: 'ಚೆನ್ನಾಗಿದಾರೆ, ದೇವರ ದಯೆ. ಓಡ್ತಾ ಇದಾರೆ.'

ಕೆಳ ಸಹಿದಾರರು: 'ಮಕ್ಕಳಂದ್ರೆ ಓಡ್ಬೇಕು. ದನಕರು?'

ತೂಲು: 'ಅವೂ ಓಡ್ತಿವೆ.'

ಕೆಳ ಸಹಿದಾರರು: 'ಮಳೆ ಹೆಂಗೆ ಈ ಸಲ?'

ಓಬ್ಬೊ ತೂಲು ಅವರು ಮರ್ಯಾದಸ್ಥರು. ಕುಶಲ ಕೇಳಿದವರಿಗೆ ಮೊದಲು ಚೆನ್ನಾಗಿದೆ ಎನ್ನದೆ ಕಷ್ಟ ಹೇಳಿಕೊಳ್ಳುವುದು ಅವರ ಜಾಯಮಾನವಲ್ಲ. ಕೆಳ ಸಹಿದಾರರೂ ಮರ್ಯಾದಸ್ಥರೇ. ಇಬ್ಬರು ಮರ್ಯಾದಸ್ಥರು ಎದುರುಬದುರು ಕೂತು ಇನ್ನೂರ ಹನ್ನೊಂದು ಜನರನ್ನು ಮುಳುಗಿಸುವ ಹಂತಕ್ಕೆ ಬಂದಿದ್ದರು ಎಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ.

10. ಆಗ ನಡೆದದ್ದರ ಬಗ್ಗೆ ಎತಿಯೆ ಜೆನೆಬೆಚ್ ಅವರ ಹೇಳಿಕೆ: 'ಮೂವತ್ತೊಂದು ವರ್ಷದಿಂದ ಈ ಕಚೇರೀಲಿ ಕಾಫಿ ಕಾಯಿಸ್ತಿದೀನಿ. ಯಾರ ಕೈಯಿಂದ್ಲೂ ಕಪ್ ವಾಪಸ್ ತಗೊಂಡೋಳಲ್ಲ. ಅಬೋಲ್ ಬಗ್ಗಿಸಿ ಕೊಟ್ಟೆ. ಆ ಮನುಷ್ಯ ಕಪ್ ಹಿಡ್ಕೊಂಡು ಬಾಗಿಲ ಕಡೆನೇ ನೋಡ್ತಿದ್ದ. ಕಾಲು ನೋಡ್ದೆ, ಮಂಡಿವರೆಗೂ ಕೆಸರು. ಬಾಯಲ್ಲಿ ಮಾತ್ರ ದೇವರ ದಯೆ ದೇವರ ದಯೆ ಅಂತಾನೇ ಇದಾನೆ. ಕಪ್ ಕಿತ್ಕೊಂಡೆ. ಗೆಟಾಹುನ್, ಅಂದೆ, ಈತ ಕಾಫಿಗೆ ಬಂದಿಲ್ಲ ಕಣಪ್ಪ. ಇವನ ಹತ್ರ ಒಂದು ಮಾತಿದೆ. ಅದನ್ನ ಬಾಗಿಲಲ್ಲೇ ಇಸ್ಕೊಂಡು ಕಳಿಸ್ಬೇಕಿತ್ತು. ಉಪಚಾರ ಆಮೇಲೆ ನಿಧಾನಕ್ಕೆ ಮಾಡ್ಕೋ, ಅಂದೆ.'

ಇದನ್ನು ಕೇಳಿ ಆಪಾದಿತೆ ಮೆರಾಫ್ ಅವರು ಕುರ್ಚಿಯಿಂದ ಎದ್ದು, 'ಎತಿಯೆ, ಇದನ್ನೇ ನಾನು ಒಂಬತ್ತು ಸಲ ಬರೆದಿದ್ದು' ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದರ ಅಳತೆ ತೆಗೆದುಕೊಂಡಿರುವುದಿಲ್ಲ.

11. ಮೆರಾಫ್ ಅವರು ಅಳತೆ ಕೋಣೆಗೆ ಓಡಿ, ಸತ್ಕಾರದ ಹಸಿ ಹುಲ್ಲಿನ ಮೇಲೆ ಜಾರಿ ಬಿದ್ದು, ಎದ್ದು, ಕೈಯಿಂದಲೇ ಸೈರನ್ ಗುಂಡಿ ಒತ್ತಿ ಹಿಡಿದರು. ಆ ಹೊತ್ತಿಗೆ ಯಂತ್ರವು ಆ ಗಂಟೆಯ ಅತಿಥಿಗೆ ಎರಡನೆಯ ಕಪ್ ಕೊಟ್ಟು ಬೆಳೆ ಹೇಗಿದೆ ಎಂದು ಕೇಳುತ್ತಿತ್ತು. ಯಂತ್ರವನ್ನೇ ನಂಬಿದ್ದಲ್ಲಿ ಅದರ ಲೆಕ್ಕದ ಒಂದು ನಿಮಿಷ ಪೂರ್ತಿಯಾಗಲು ಇನ್ನೂರ ಐವತ್ತು ದಿನ ಬೇಕಾಗುತ್ತಿತ್ತು. ಅಂದರೆ ಸೈರನ್ ಬರುವ ವರ್ಷದ ಮಿಯಾಜಿಯಾ ತಿಂಗಳ 24ರಂದು ಕೂಗುತ್ತಿತ್ತು.

12. ಮೆಲ್ಕಾ ಡಿಮ್ಟುವಿನ ಜನ ಗುಡ್ಡ ಹತ್ತಿದರು.

ನಷ್ಟ: ಈರುಳ್ಳಿ ಅರುವತ್ತೊಂದು ಚೀಲ, ಮನೆ ಗೋಡೆಗಳು ಒಂಬತ್ತು, ಮೇಕೆ ಮೂರು. (ಮೇಕೆಗಳು ನಂತರ ಶಾಲೆಯ ಮಾಡಿನ ಮೇಲೆ ಸಿಕ್ಕಿದ್ದು, ಇಳಿಯಲು ಒಪ್ಪಿರುವುದಿಲ್ಲ.) ಜನ ಇನ್ನೂರ ಹನ್ನೊಂದು, ಎಲ್ಲರೂ ಇದ್ದಾರೆ. ಕೆಳ ಸಹಿದಾರರು ಗುಡ್ಡ ಹತ್ತಿ ಖುದ್ದಾಗಿ ಎಣಿಸಿದರು. ನೂರ ನಾಲ್ಕನೆಯವರು ಅವರ ಅಕ್ಕ. ಅವರನ್ನು ಎಣಿಸಿದ ಮೇಲೆ ಲೆಕ್ಕ ತಪ್ಪಿ, ಮೊದಲಿನಿಂದ ಪುನಃ ಎಣಿಸಬೇಕಾಯಿತು.

ಭಾಗ ಎರಡು: ಇನ್ನು ಮುಂದೆ ನಡೆಯತಕ್ಕದ್ದು

13. ಟೈಮರ್ ಅವರನ್ನು ಬಾಗಿಲಲ್ಲೇ ಕಾಣತಕ್ಕದ್ದು. ಅಳತೆ ಇಸಿದುಕೊಂಡು, ಬೆಂಚಿನ ಮೇಲಿಟ್ಟು, ಕಳಿಸತಕ್ಕದ್ದು. ಇದಕ್ಕೆ ಸೆಕೆಂಡಿನ ಲಕ್ಷದಲ್ಲೊಂದು ಪಾಲಿಗಿಂತ ಹೆಚ್ಚು ತೆಗೆದುಕೊಳ್ಳುವವರಿಂದ ವಿವರಣೆ ಕೇಳಲಾಗುವುದು. ವಿವರಣೆಗೆ ಹದಿನೈದು ದಿನ ಕಾಲಾವಕಾಶವಿರುತ್ತದೆ.

14. ಬೆಂಚಿನ ಮೇಲಿಟ್ಟ ಅಳತೆಗಳನ್ನು ಯಂತ್ರದ ಮುಖ್ಯ ಪ್ರೋಗ್ರಾಂ ತನ್ನ ಬಿಡುವಿನಲ್ಲಿ ಒಂದೊಂದಾಗಿ ಎತ್ತಿಕೊಂಡು ಕೂಡುವ, ಕಳೆಯುವ, ಬರೆದಿಡುವ ಕೆಲಸ ಮಾಡತಕ್ಕದ್ದು. ಅಷ್ಟರಲ್ಲಿ ಅತಿಥಿ ಹೊರಟುಹೋಗಿರುವುದರಿಂದ, ಅವರ ಪಾಲಿನ ಕಾಫಿಯನ್ನು ಅವರ ಪರವಾಗಿ ಪಾಳಿಯಲ್ಲಿರುವ ನೌಕರರು ಕುಡಿಯತಕ್ಕದ್ದು. ದಿನಕ್ಕೆ ಮೂರು ಕಪ್ ಮೀರಕೂಡದು. ಅತಿಥಿಗಳು ಎಂಬತ್ತಾರು ಲಕ್ಷ ಬಂದಿದ್ದಾರೆಂಬ ನೆಪ ಹೇಳಕೂಡದು.

15. ಅತಿಥಿಯೊಬ್ಬರು ಬಾಗಿಲಲ್ಲಿರುವಾಗ ಇನ್ನೊಬ್ಬರಿಗೆ ಬಾಗಿಲು ಹಾಕುವುದಕ್ಕೆ ಅನುಮತಿಯಿದೆ. ಹಾಕಿದವರೇ ತೆಗೆಯತಕ್ಕದ್ದು. ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗುವ ಪದ್ಧತಿ ಆಡಳಿತ ವಿಭಾಗಕ್ಕೆ ಮಾತ್ರ ಸೀಮಿತವಾಗಿದ್ದು, ಯಂತ್ರಕ್ಕೆ ಅನ್ವಯಿಸುವುದಿಲ್ಲ.

16. ಸದರಿ ಕ್ರಮವನ್ನು ಮನುಷ್ಯರ ಮೇಲೂ ಪರೀಕ್ಷಿಸಿ ನೋಡುವ ಸಲುವಾಗಿ ನೆಹಾಸೆ 23ರಂದು ಕೆಳ ಸಹಿದಾರರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತುಕೊಂಡೇ ಕಡತಗಳನ್ನು ಇಸಿದುಕೊಂಡರು. ಒಂದೇ ಬೆಳಗಿನಲ್ಲಿ ಮೂವತ್ತನಾಲ್ಕು ಕಡತಗಳು ವಿಲೇವಾರಿಯಾದವು. ಕಳೆದ ಸಾಲಿನ ಒಟ್ಟು ವಿಲೇವಾರಿ ಇಪ್ಪತ್ತೊಂಬತ್ತು. ಮಧ್ಯಾಹ್ನದ ಹೊತ್ತಿಗೆ ಕಚೇರಿಯಲ್ಲಿ ಮಾಡಲು ಕೆಲಸವಿಲ್ಲದೆ ಗುಮಾಸ್ತರು ಗಾಬರಿಯಾದರು. ಆದ್ದರಿಂದ ಈ ಕ್ರಮವನ್ನು ವಾರಕ್ಕೆ ಒಂದು ಗಂಟೆಗೆ ಇಳಿಸಲಾಗಿದೆ.

17. ಕಚೇರಿಗೆ ಬರುವ ಯಾರನ್ನೇ ಆಗಲಿ 'ಚೆನ್ನಾಗಿದೀರಾ' ಎಂದು ಕೇಳುವ ಮುಂಚೆ 'ನೀರು ಬಂತಾ' ಎಂದು ಕೇಳತಕ್ಕದ್ದು. ಇಲ್ಲ ಎಂದರೆ ಹುಲ್ಲು, ಸಾಂಬ್ರಾಣಿ, ಮೂರು ಕಪ್ ಎಲ್ಲವೂ ಎಂದಿನಂತೆ. ಹೌದು ಎಂದರೆ ಕಪ್ ಕೊಡಕೂಡದು. ಬೇಸಿಗೆಯಲ್ಲೂ ಇದನ್ನು ಪಾಲಿಸತಕ್ಕದ್ದು. ಲಗ್ನಪತ್ರಿಕೆ ಕೊಡಲು ಬಂದವರನ್ನೂ ಕೇಳತಕ್ಕದ್ದು. ಪೇಟೆಯಲ್ಲಿ ಹುಡುಗರು ಕೆಳ ಸಹಿದಾರರನ್ನು ಕಂಡಾಗಲೆಲ್ಲ 'ನೀರು ಬಂತಾ ಗಾಶೆ' ಎಂದು ಕೂಗಲು ಶುರುಮಾಡಿರುವುದು ಗಮನಕ್ಕೆ ಬಂದಿದೆ. ಅದನ್ನು ಸಹಿಸಿಕೊಳ್ಳಲು ತೀರ್ಮಾನಿಸಲಾಗಿದೆ.

18. ನೀರು ಮಂಡಿಗಿಂತ ಮೇಲಿರುವಾಗ 'ಚೆನ್ನಾಗಿದೆ, ದೇವರ ದಯೆ' ಎಂದು ಉತ್ತರಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಮಂಡಿಗಿಂತ ಕೆಳಗಿದ್ದಲ್ಲಿ ಅವರವರ ವಿವೇಚನೆಗೆ ಬಿಡಲಾಗಿದೆ. ಸರಿಯಾಗಿ ಮಂಡಿಯ ಮಟ್ಟದಲ್ಲಿದ್ದಲ್ಲಿ 'ಚೆನ್ನಾಗಿದೆ' ಎಂದಷ್ಟೇ ಹೇಳಿ ದೇವರ ದಯೆಯನ್ನು ತಡೆಹಿಡಿಯತಕ್ಕದ್ದು.

19. ಮೊಬೈಲಿನ ಬುಟ್ಟಿಯನ್ನು ಈರುಳ್ಳಿ ಇಡಲು ಬಳಸತಕ್ಕದ್ದು. ದಿಂಬನ್ನು ಕಾವಲುಗಾರರಿಂದ ವಾಪಸು ಪಡೆಯಲಾಗಿದೆ. ಅಳತೆ ಕೋಣೆಯ ಹುಲ್ಲನ್ನು ಶಾಲೆಯ ಮಾಡಿನ ಮೇಲಿರುವ ಮೂರು ಮೇಕೆಗಳಿಗೆ ಕಳಿಸಿಕೊಡಲಾಗಿದೆ. ಅವು ಇನ್ನೂ ಇಳಿಯದಿರುವುದಕ್ಕೆ ಅದೇ ಕಾರಣವಿರಬಹುದೇ ಎಂದು ಪರಿಶೀಲಿಸಲಾಗುತ್ತಿದೆ.

20. ವೈಜೆರಿತ್ ಮೆರಾಫ್ ದೆಸ್ತಾ ಅವರ ಮೇಲಿನ ಎಲ್ಲ ಕ್ರಮಗಳನ್ನೂ ಕೈಬಿಡಲಾಗಿದೆ. ಒಡೆಯದೆ ಉಳಿದಿದ್ದ ಅವರ ಎಂಟು ಪತ್ರಗಳನ್ನು ಕೆಳ ಸಹಿದಾರರು ನೆಹಾಸೆ 21ರಂದು ಒಂದೊಂದಾಗಿ ಒಡೆದು ಓದಿದರು. ಮೊದಲ ಏಳರಲ್ಲಿ ಟೈಮರ್, ಬೆಂಚು, ಬಾಗಿಲು ಇವುಗಳ ವಿವರವಿತ್ತು, ಚಿತ್ರ ಸಮೇತ. ಎಂಟನೆಯದರಲ್ಲಿ ಒಂದೇ ಸಾಲು: 'ಗಾಶೆ, ನಿಮ್ಮ ಅಕ್ಕನ ಮನೆ ದಂಡೆಯಿಂದ ಮೂರನೆಯದು.'

ಕೆಳ ಸಹಿದಾರರು ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅಳತೆ ಕೋಣೆಗೆ ಹೋಗಿ ಕ್ಷಮೆ ಕೇಳಿದರು. ಕ್ಷಮೆ ಕೇಳುವುದಕ್ಕೆ ಇಲಾಖೆಯಲ್ಲಿ ನಿಗದಿತ ನಮೂನೆ ಇಲ್ಲದ ಕಾರಣ ಬಾಯಿಮಾತಿನಲ್ಲೇ ಕೇಳಲಾಯಿತು. ಮೆರಾಫ್ ಅವರು ಕೆಲಸದಿಂದ ತಲೆಯೆತ್ತಿ, 'ಆಯ್ತು ಬಿಡಿ ಗಾಶೆ. ತಪ್ಪು ನಂದೂ ಇದೆ. ಅತಿಥಿ ಅಂತ ಬರೀಬಾರದಿತ್ತು' ಎಂದರು. ಮತ್ತೇನೆಂದು ಬರೆಯಬೇಕಿತ್ತು ಎಂದು ಕೇಳಲಾಗಿ, 'ಬೇಲಿ ಆಚೆಯಿಂದ ಕೂಗಿ ಹೇಳಿ ಹೋಗೋ ಪಕ್ಕದ ಮನೆಯೋಳು ಅಂತ. ಅವಳನ್ನ ಯಾರೂ ಕೂರಿಸಲ್ಲ. ಆದ್ರೆ ಅವಳು ಕೂಗಿದ್ದನ್ನ ಎಲ್ಲರೂ ಕೇಳಿಸ್ಕೋತಾರೆ' ಎಂದು ಉತ್ತರಿಸಿದರು. ಇನ್ನು ಮುಂದೆ ಸಮಸ್ತ ಕಡತಗಳಲ್ಲಿ ಇದೇ ಪದ ಬಳಸತಕ್ಕದ್ದು. ಉದ್ದವಾಯಿತೆಂದು ಯಾರೂ ಗೊಣಗಕೂಡದು.

21. ಓಬ್ಬೊ ತೂಲು ಗೆಮೆಚು ಅವರು ಕಾಫಿ ಬಾಯಿಗಿಡುವ ಮುಂಚೆಯೇ ಕಪ್ ಕಿತ್ತುಕೊಂಡಿದ್ದರಿಂದ ಅಬೋಲ್, ತೋನಾ, ಬರಕಾ ಮೂರೂ ಬಾಕಿ ಉಳಿದಿವೆ. ಮುಂದಿನ ತಿಂಗಳು, ಅಂದರೆ ಪಾಗುಮೆ 3ರಂದು, ಕೆಳ ಸಹಿದಾರರು ಕಾಫಿ ಕಾಯಿಸುವ ಮಣ್ಣಿನ ಜೆಬೆನಾ ಹೊತ್ತುಕೊಂಡು ಖುದ್ದಾಗಿ ಮೆಲ್ಕಾ ಡಿಮ್ಟುವಿಗೆ ಹೋಗತಕ್ಕದ್ದು. ಇದ್ದಿಲ ಚೀಲವನ್ನೂ ಅವರೇ ಹೊರುವುದಾದರೆ ಜೊತೆಗೆ ಬರುವುದಾಗಿ ಎತಿಯೆ ಜೆನೆಬೆಚ್ ಅವರು ಒಪ್ಪಿದ್ದಾರೆ. ದಂಡೆಯಿಂದ ಮೂರನೆಯ ಮನೆಯ, ಈಗ ಮೂರೇ ಗೋಡೆಯಿರುವ ಪಡಸಾಲೆಯಲ್ಲಿ ಹುಲ್ಲು ಹರಡತಕ್ಕದ್ದು. ಅಂದು ನದಿಯ ಕಡೆ ಮುಖ ಮಾಡಿ ಕೂರುವ ಹಕ್ಕು ಓಬ್ಬೊ ತೂಲು ಅವರದು. ಯಾವ ಸುತ್ತಿನ ನಡುವೆಯಾದರೂ ಕೆಂಪು ಗೆರೆ ಮುಳುಗುವುದು ಕಂಡಲ್ಲಿ, ಅವರು ಏನೂ ಹೇಳದೆ, ಯಾರ ಕುಶಲಕ್ಕೂ ಉತ್ತರಿಸದೆ ಎದ್ದು ಓಡತಕ್ಕದ್ದು. ಹಾಗೆ ಎದ್ದು ಹೋಗುವುದನ್ನೇ ಬರಕಾ ಎಂದು ಪರಿಗಣಿಸಲಾಗುವುದು.

ಮೇಲ್ಕಂಡ ಸೂಚನೆಗಳು ತಕ್ಷಣದಿಂದ ಜಾರಿಗೆ ಬಂದಿವೆ.

ಸಹಿ/-
(ಬಾಗಿಲಲ್ಲಿ ನಿಂತುಕೊಂಡು)
ಗೆಟಾಹುನ್ ಶಿಬೇಶಿ
ಆಡಳಿತ ಮುಖ್ಯಸ್ಥರು

ಪ್ರತಿಗಳು:
1. ವೈಜೆರಿತ್ ಮೆರಾಫ್ ದೆಸ್ತಾ ಅವರಿಗೆ, ಪದಗಳನ್ನು ತಿದ್ದಿಕೊಡುವ ಕೋರಿಕೆಯೊಂದಿಗೆ.
2. ಎತಿಯೆ ಜೆನೆಬೆಚ್ ಅವರಿಗೆ. ಹುರಿಯುವಾಗ ಓದಿ ಹೇಳಲಾಗಿದೆ. 'ಉದ್ದ ಆಯ್ತು' ಎಂದು ಷರಾ ಬರೆಸಿದ್ದಾರೆ.
3. ಓಬ್ಬೊ ತೂಲು ಗೆಮೆಚು ಅವರಿಗೆ, ಬಜಾಜ್ ಮೂಲಕ.
4. ಉಗ್ರಾಣಕ್ಕೆ. ಹನ್ನೆರಡು ಕಪ್ ಸಾಕು.
5. ಮೇಲಿನ ಕಚೇರಿಗೆ, ಶ್ಲಾಘನಾ ಪತ್ರವನ್ನು ಹಿಂತಿರುಗಿಸುತ್ತಾ.
6. ಮೆಲ್ಕಾ ಡಿಮ್ಟು ಶಾಲೆಯ ಮಾಡಿಗೆ (ಮೂರು ಪ್ರತಿ).
7. ಅವಾಶ್ ನದಿಗೆ. ಅಳತೆ ಕಡ್ಡಿಗೆ ಅಂಟಿಸತಕ್ಕದ್ದು, ಕೆಂಪು ಗೆರೆಗಿಂತ ಮೇಲೆ.
8. ಕೆಳ ಸಹಿದಾರರ ಅಕ್ಕನವರಿಗೆ. ಇದು ಸುತ್ತೋಲೆಗೆ ಸಂಬಂಧಿಸಿದ ಪ್ರತಿ.
9. ಟೈಮರ್ ಅವರಿಗೆ, ಬಾಗಿಲಲ್ಲಿ. ಈ ಸಾಲು ಓದಿ ಮುಗಿಸುವಷ್ಟರಲ್ಲಿ ನಾನೂರು ಬಾರಿ ಬಂದು ಹೋಗಿಯಾಗಿದೆ.